ಚಟುವಟಿಕೆ ಮಾಡಿಸಿದರೂ ಓದಿದ್ದು ಅರ್ಥವಾಗುತ್ತಿಲ್ಲ, ಯಾಕೆ?

ಪ್ರಶ್ನೆ: ಸರ್, ನಾನು 9ನೇ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಗುಂಪು ಚರ್ಚೆ, ಚಾರ್ಟ್, ನಾಟಕ ಎಲ್ಲ ಮಾಡಿಸುತ್ತೇನೆ, ಮಕ್ಕಳಿಗೂ ಖುಷಿ. ಆದರೆ ಹೊಸ ಗದ್ಯಭಾಗ ಕೊಟ್ಟರೆ, ಪ್ರಶ್ನೆಯಲ್ಲಿರುವ ಪದ ಎಲ್ಲಿದೆಯೋ ಆ ಸಾಲನ್ನೇ ನಕಲು ಮಾಡಿಡುತ್ತಾರೆ. ಚಟುವಟಿಕೆಯಿಂದ ಓದು ಸುಧಾರಿಸುವುದಿಲ್ವಾ?

ಉತ್ತರ: ಸುಧಾರಿಸುತ್ತದೆ ಮೇಡಂ, ಆದರೆ ಎಲ್ಲ ಚಟುವಟಿಕೆಯಿಂದಲೂ ಅಲ್ಲ. ಒಂದು ಚಟುವಟಿಕೆ ಮುಗಿಸಬೇಕಾದರೆ ಪ್ರತಿ ಮಗುವೂ ಪಾಠದ ಸಾಲಿಗೆ ವಾಪಸ್ ಹೋಗಲೇಬೇಕಾ ಅಂತ ನೋಡಿ. ಚಾರ್ಟ್‌ಗೆ ಅಕ್ಷರ ಚೆನ್ನಾಗಿರುವ ಒಬ್ಬಳು ಸಾಕು, ನಾಟಕಕ್ಕೆ ಮಾತು ಬಲ್ಲ ಮೂವರು ಸಾಕು. ಉಳಿದವರು ಪಾಠ ಓದದೆಯೇ ಪಾರಾಗುತ್ತಾರೆ.

'ಕೆರೆ ಕೋಡಿ ಬಿದ್ದ ರಾತ್ರಿ ಕೆಳಗಿನ ಗದ್ದೆಯವರು ಯಾರೂ ಮಲಗಲಿಲ್ಲ' ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಯಾಕೆ ಮಲಗಲಿಲ್ಲ? 'ಕೆರೆ ಕೋಡಿ ಬಿದ್ದಿತ್ತು' ಅಂತ ಬರೆದು ಮುಗಿಸುತ್ತಾರೆ. ನೀರು ನುಗ್ಗಿ ಪೈರು ಹೋದೀತೆಂಬ ಭಯ ಸಾಲಿನಲ್ಲಿಲ್ಲ, ಓದುವವರೇ ಅದನ್ನು ಊಹಿಸಿಕೊಳ್ಳಬೇಕು. ಕೆರೆ ತುಂಬಿ ಹರಿಯುವುದನ್ನೇ ನೋಡದ ಮಗು ಏನಂತ ಊಹಿಸೀತು?

1988ರಲ್ಲಿ ಅಮೆರಿಕದ ಸಂಶೋಧಕರಾದ ರೆಕ್ಟ್ ಮತ್ತು ಲೆಸ್ಲಿ 7 ಮತ್ತು 8ನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಬಗ್ಗೆ ಓದಿಸಿದರು. ಆಟ ಚೆನ್ನಾಗಿ ಗೊತ್ತಿದ್ದ, ಆದರೆ ಓದಿನಲ್ಲಿ ಹಿಂದಿದ್ದ ಮಕ್ಕಳು, ಆಟ ಗೊತ್ತಿಲ್ಲದ ಒಳ್ಳೆಯ ಓದುಗರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಹಾಗಾಗಿ ಓದುವ ಮೊದಲು ಹತ್ತು ನಿಮಿಷ ಕೆರೆ, ತೂಬು, ಕೋಡಿ ಅಂತ ಮಾತಾಡಿ, ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಿ. ಅದು ಪಾಠದ ಸಮಯ ವ್ಯರ್ಥ ಮಾಡಿದಂತಲ್ಲ, ಅದೂ ಓದಿನ ಭಾಗವೇ.

ಆಮೇಲೆ ಪರಸ್ಪರ ಬೋಧನೆ, ಅಂದರೆ ಮಕ್ಕಳೇ ಸರದಿಯಂತೆ ಒಬ್ಬರಿಗೊಬ್ಬರು ಪಾಠ ಬಿಡಿಸುವುದನ್ನು ಮಾಡಿಸಿ ನೋಡಿ. 1984ರಲ್ಲಿ ಪಾಲಿಂಕ್ಸಾರ್ ಮತ್ತು ಬ್ರೌನ್ ಎಂಬ ಸಂಶೋಧಕರು ಇದನ್ನು ನಿಮ್ಮ ಮಕ್ಕಳಂಥವರ ಮೇಲೆಯೇ, ಅಂದರೆ ಸರಾಗವಾಗಿ ಓದಿದರೂ ಅರ್ಥ ಹಿಡಿಯಲಾಗದ 7ನೇ ತರಗತಿಯವರ ಮೇಲೆ ಮಾಡಿ, ಒಳ್ಳೆಯ ಫಲ ಕಂಡರು. ನಾಲ್ಕು ಜನರ ಗುಂಪು, ಒಂದೊಂದೇ ಪ್ಯಾರಾ. ಒಬ್ಬರು ಸಾರ ಹೇಳಬೇಕು, ಒಬ್ಬರು ಪ್ರಶ್ನೆ ಕೇಳಬೇಕು, ಒಬ್ಬರು ತಿಳಿಯದ ಮಾತನ್ನು ಬಿಡಿಸಬೇಕು, ಇನ್ನೊಬ್ಬರು ಮುಂದೇನಾಗಬಹುದು ಅನ್ನಬೇಕು. ಪ್ಯಾರಾ ಬದಲಾದಂತೆ ಕೆಲಸವೂ ಬದಲಾಗಲಿ, ಇಲ್ಲದಿದ್ದರೆ ಜಾಣರೇ ಪ್ರಶ್ನೆ ಕೇಳುತ್ತಾ ಉಳಿಯುತ್ತಾರೆ.

ಸುಮ್ನೆ ಗುಂಪು ಮಾಡಿ ಬಿಟ್ಟರೆ ಮಾತ್ರ ಇದು ನಡೆಯುವುದಿಲ್ಲ. ಮೊದಲು ನೀವೇ ಯೋಚಿಸುವುದನ್ನು ಬಾಯಿಬಿಟ್ಟು ಹೇಳಿ ತೋರಿಸಬೇಕು, 'ಇಲ್ಲಿ ನನಗೆ ಅನುಮಾನ ಬಂತು, ಹಿಂದಿನ ಸಾಲು ನೋಡ್ತೀನಿ' ಅಂತ. ಶುರುವಿನಲ್ಲಿ ಮಕ್ಕಳು 'ಯಾರು, ಎಲ್ಲಿ' ಅಂತಲೇ ಕೇಳುತ್ತಾರೆ, ಕೇಳಲಿ ಬಿಡಿ. ನೀವು 'ಯಾಕೆ' ಅಂತ ಕೇಳುತ್ತಿರಿ, ಉತ್ತರ ಬಂದಾಗ 'ಯಾವ ಸಾಲಿನಿಂದ ಹಾಗನ್ನಿಸಿತು' ಅಂತಲೂ ಕೇಳಿ.