ದೇವರ ಹೆಸರನ್ನು ಜಾಮೀನಿಗೆ ಇಡಬೇಡಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪ್ರಶ್ನೆಗಳೆಲ್ಲ ಒಂದೇ ಆಜ್ಞೆಯ ಸುತ್ತ ಇವೆ. ದೇವರ ಹೆಸರನ್ನು ಅಯೋಗ್ಯ ಕಾರ್ಯಕ್ಕೆ ಎತ್ತಬಾರದು ಎಂಬ ವಿಮೋಚನಕಾಂಡ 20:7ರ ಈ ಆಜ್ಞೆ ಕಥೋಲಿಕರ ಲೆಕ್ಕದಲ್ಲಿ ಎರಡನೆಯದು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮುಂತಾದ ಸಭೆಗಳ ಲೆಕ್ಕದಲ್ಲಿ ಮೂರನೆಯದು.

ಬೇಲಿಯನ್ನು ಅವರ ಕಡೆಗೆ ಸರಿಸಿದ್ದೇನೆ ಎಂದು ಪಕ್ಕದ ತೋಟದವರ ದೂರು. ‘ಸರಿಸಿಲ್ಲ ಅಂದರೆ ಬೈಬಲ್ ಮುಟ್ಟಿ ಆಣೆ ಮಾಡಿ’ ಎಂದು ಊರವರ ಎದುರು ಕೇಳಿದ್ದಾರೆ. ಮಾಡಬಹುದೇ? ನಾಳೆ ಕೋರ್ಟಿಗೆ ಹೋದರೂ ಪ್ರಮಾಣ ಮಾಡಿಸುತ್ತಾರಲ್ಲವೇ? – ಸಕಲೇಶಪುರ

ಊರವರ ಎದುರು ಆಣೆ ಬೇಡ. ಜಗಳ ಮುಗಿಸಲು ದೇವರ ಮುಂದೆ ಆಣೆ ಮಾಡಿಸುವುದು ಮಲೆನಾಡಿನ ಹಳೆಯ ರೂಢಿ. ನಿಮ್ಮನ್ನು ಅವಮಾನಿಸಬೇಕೆಂದೇ ಅವರು ಕೇಳಿರಲಿಕ್ಕಿಲ್ಲ, ಹಾಗಾಗಿ ಸಿಟ್ಟಾಗದೆ ಉತ್ತರಿಸಿ. ಯೇಸುಸ್ವಾಮಿಯ ಮಾತು ಸ್ಪಷ್ಟವಾಗಿದೆ: ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ (ಮತ್ತಾಯ 5:34–37). ದೇವಾಲಯದ ಮೇಲೆ ಇಟ್ಟ ಆಣೆ ಮುರಿಯಬಹುದು, ದೇವಾಲಯದ ಚಿನ್ನದ ಮೇಲೆ ಇಟ್ಟದ್ದನ್ನು ಮುರಿಯುವಂತಿಲ್ಲ ಎಂಬಂಥ ಲೆಕ್ಕಾಚಾರ ಆಗ ನಡೆಯುತ್ತಿತ್ತು (ಮತ್ತಾಯ 23:16). ಆಣೆ ಇಟ್ಟಾಗ ಮಾತ್ರ ನಿಜ ಹೇಳಿದರೆ ಸಾಕು ಎನ್ನುವ ಆ ಮನಸ್ಸಿಗೇ ಯೇಸು ಕೈಹಾಕಿದರು.

ಇನ್ನೊಂದು ಸೂಕ್ಷ್ಮವಿದೆ. ಬೇಲಿ ಅಜ್ಜನ ಕಾಲದ್ದಾಗಿದ್ದರೆ ಗಡಿಕಲ್ಲು ಎಲ್ಲಿತ್ತು ಎಂಬುದು ನಿಮಗೂ ಖಚಿತವಾಗಿ ಗೊತ್ತಿರುವುದಿಲ್ಲ. ಖಚಿತವಿಲ್ಲದ ಸಂಗತಿಗೆ ದೇವರನ್ನು ಸಾಕ್ಷಿಗೆ ಕರೆದರೆ, ಮನಸ್ಸಿನಲ್ಲಿ ಮೋಸವಿಲ್ಲದಿದ್ದರೂ ಅದು ದುಡುಕು. ಪಹಣಿ ತೆಗೆದುಕೊಂಡು ನಾಡಕಚೇರಿಯಲ್ಲಿ ಹದ್ದುಬಸ್ತಿಗೆ (ಅಳೆದು ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿ. ಸರ್ವೆಯವರು ಅಕ್ಕಪಕ್ಕದ ಜಮೀನಿನವರಿಗೆ ನೋಟಿಸ್ ಕೊಟ್ಟು ಅಳೆಯುತ್ತಾರೆ. ‘ಅಳತೆಯಲ್ಲಿ ಬಂದದ್ದಕ್ಕೆ ನಾನು ಬದ್ಧ, ಬೇಲಿ ನಿಮ್ಮ ಜಾಗದಲ್ಲಿದ್ದರೆ ನನ್ನ ಖರ್ಚಿನಲ್ಲೇ ಹಿಂದಕ್ಕೆ ಹಾಕುತ್ತೇನೆ’ ಎಂದು ಊರವರ ಮುಂದೆಯೇ ಹೇಳಿ. ಆಣೆಗಿಂತ ಈ ಮಾತು ಹೆಚ್ಚು ತೂಗುತ್ತದೆ.

ಕೋರ್ಟಿನ ವಿಷಯ ಬೇರೆ. ಮಹಾಯಾಜಕನು ದೇವರ ಆಣೆಯಿಟ್ಟು ಕೇಳಿದಾಗ ಯೇಸು ಉತ್ತರ ಕೊಟ್ಟರು (ಮತ್ತಾಯ 26:63–64). ನ್ಯಾಯಾಧಿಕಾರಿ ಕೇಳಿದಾಗ ಪ್ರಮಾಣ ಮಾಡಬಹುದೆಂದು ಆಂಗ್ಲಿಕನ್ ಸಭೆಯ 39ನೆಯ ವಿಧಿ ಹೇಳುತ್ತದೆ. ಸತ್ಯ, ವಿವೇಕ, ನ್ಯಾಯ ಮೂರೂ ಇದ್ದರೆ ಮಾತ್ರ ಪ್ರಮಾಣ ಎಂಬುದು ಕಥೋಲಿಕ ಧರ್ಮಸಭೆಯ ಕಾನೂನು (1199). ಆದರೂ ಮನಸ್ಸು ಒಪ್ಪದಿದ್ದರೆ 1969ರ ಪ್ರಮಾಣಗಳ ಕಾಯ್ದೆಯಲ್ಲಿ ದಾರಿಯಿದೆ. ದೇವರ ಹೆಸರು ಹೇಳದೆ ‘ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ’ ಎನ್ನಬಹುದು. ಕಟಕಟೆ ಹತ್ತುವ ಮೊದಲೇ ನಿಮ್ಮ ವಕೀಲರಿಗೆ ತಿಳಿಸಿಡಿ. ಸುಳ್ಳು ಹೇಳಿದರೆ ಎರಡಕ್ಕೂ ಶಿಕ್ಷೆ ಒಂದೇ.

ನಮ್ಮ ಪ್ರಾರ್ಥನಾ ಕೂಟ ನಡೆಸುವ ಅಣ್ಣ ‘ಕರ್ತರು ನನಗೆ ತೋರಿಸಿದ್ದಾರೆ’ ಎಂದು ಹೇಳಿ, ಮಗಳನ್ನು ಅವರಿಗೆ ಬೇಕಾದ ಹುಡುಗನಿಗೇ ಕೊಡಬೇಕು ಎನ್ನುತ್ತಾರೆ. ಅತ್ತೆಗೆ ಫಿಟ್ಸ್ ಮಾತ್ರೆ ನಿಲ್ಲಿಸಿ, ವಿಶ್ವಾಸ ಸಾಕು ಎಂದಿದ್ದಾರೆ. ಬೇಡ ಅಂದರೆ ದೇವರ ಮಾತು ಮೀರಿದ ಹಾಗಾಗುತ್ತದೆಯೇ? – ಮೂಡಿಗೆರೆ

ಆಗುವುದಿಲ್ಲ. ಮೊದಲು ಅತ್ತೆಯವರ ಮಾತ್ರೆ. ಇವತ್ತಿನ ಮಾತ್ರೆಯನ್ನು ತಪ್ಪಿಸಬೇಡಿ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬರಬಹುದು. 5 ನಿಮಿಷವಾದರೂ ನಿಲ್ಲದಿದ್ದರೆ ಜೀವಕ್ಕೆ ಅಪಾಯ, 108ಕ್ಕೆ ಫೋನ್ ಮಾಡಿ. ಈಗಾಗಲೇ ನಿಲ್ಲಿಸಿದ್ದರೆ ಬಿಟ್ಟುಹೋದದ್ದನ್ನೆಲ್ಲ ಸೇರಿಸಿ ಕೊಡದೆ, ಇವತ್ತೇ ಡಾಕ್ಟರನ್ನು ಕೇಳಿ ಶುರು ಮಾಡಿ. ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ ಎಂದು ಕಥೋಲಿಕ ಬೈಬಲಿನ ಸಿರಾಖ 38ನೆಯ ಅಧ್ಯಾಯ ಹೇಳುತ್ತದೆ. ಮಾತ್ರೆ ನುಂಗಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡಿ.

ಇನ್ನು ‘ಕರ್ತರು ತೋರಿಸಿದರು’ ಎಂಬ ಮಾತು. ಬೈಗುಳಕ್ಕಿಂತ, ಬಾಯ್ತಪ್ಪಿ ಬಂದ ಆಣೆಗಿಂತ ದೊಡ್ಡ ದುರುಪಯೋಗ ಇದೇ. ನಮ್ಮ ಇಷ್ಟಕ್ಕೆ ದೇವರ ಸಹಿ ಹಾಕಿಸಿಕೊಂಡರೆ ಎದುರಿಗಿರುವವರು ಬಾಯಿ ತೆರೆಯುವ ಹಾಗೇ ಇಲ್ಲ. ‘ಕನಸು ಬಿತ್ತು, ಕನಸು ಬಿತ್ತು’ ಎನ್ನುತ್ತಾ ತಮ್ಮ ನಾಲಿಗೆಯ ಮಾತನ್ನೇ ದೇವರ ನುಡಿ ಎಂದು ಸಾರಿದವರಿಗೆ ತಾನು ವಿರೋಧಿ ಎಂದು ದೇವರೇ ಹೇಳಿದ್ದು ಯೆರೆಮೀಯ 23ರಲ್ಲಿದೆ. ಯೆಹೆಜ್ಕೇಲ 13ರಲ್ಲೂ ಅದೇ ಎಚ್ಚರಿಕೆ. ಆದಿಸಭೆಯಲ್ಲಿ ಪ್ರವಾದನೆ ಇತ್ತು, ಅದನ್ನು ತೂಗಿ ನೋಡುವ ಕ್ರಮವೂ ಇತ್ತು. ಇಬ್ಬರು ಮೂವರು ನುಡಿಯಲಿ, ಉಳಿದವರು ವಿವೇಚಿಸಲಿ ಎಂದು ಪೌಲನು ಬರೆದ (1 ಕೊರಿಂಥ 14:29). ಹೇಳಿದವನೇ ತೀರ್ಪುಗಾರನಾಗುವಂತಿಲ್ಲ. ಆದ್ದರಿಂದ ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ, ವಿಧೇಯತೆ.

ಆ ಅಣ್ಣನಿಗೆ ನೇರವಾಗಿ ಕೇಳಿ: ಇದನ್ನು ಸಭಾಪಾಲಕರ ಅಥವಾ ಫಾದರ್ ಅವರ ಎದುರೂ ಹೀಗೆಯೇ ಹೇಳುತ್ತೀರಾ? ಮೂರು ತಿಂಗಳು ಕಾಯಬಹುದೇ? ಈ ಸಂಬಂಧದಿಂದ ನಿಮಗೇನಾದರೂ ಲಾಭವಿದೆಯೇ? ಗುಟ್ಟು, ಅವಸರ, ‘ಕೇಳದಿದ್ದರೆ ಶಾಪ ತಟ್ಟುತ್ತದೆ’ ಎಂಬ ಹೆದರಿಕೆ, ಈ ಮೂರರಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ. ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಅವಳ ಮನಸ್ಸು ತಿಳಿಯಿರಿ. ವಧೂವರರ ಒಪ್ಪಿಗೆಯನ್ನು ಅವರ ಪರವಾಗಿ ಯಾವ ಮನುಷ್ಯನೂ ಕೊಡಲಾಗದು, ಬಲವಂತದಿಂದಲೋ ಗಂಭೀರ ಭಯದಿಂದಲೋ ಆದ ಮದುವೆ ಅಸಿಂಧು ಎಂದು ಕಥೋಲಿಕ ಕಾನೂನು (1057, 1103) ಹೇಳುತ್ತದೆ.

ಪ್ರಾರ್ಥನೆಯಲ್ಲಿ ಯಾರಿಗಾದರೂ ಏನಾದರೂ ಹೊಳೆಯಬಹುದು, ಅದನ್ನು ತಳ್ಳಿಹಾಕಬೇಕಾಗಿಲ್ಲ. ‘ಪ್ರಾರ್ಥಿಸುವಾಗ ನನಗೆ ಹೀಗೆ ಅನ್ನಿಸಿತು, ನೀವೂ ಪ್ರಾರ್ಥಿಸಿ ನೋಡಿ’ ಎನ್ನಲಿ. ಅಷ್ಟಕ್ಕೆ ನಿಲ್ಲಿಸಿದರೆ ಯಾರಿಗೂ ತೊಂದರೆಯಿಲ್ಲ.

ಮಗಳು ಮಾತುಮಾತಿಗೆ ‘ಓ ಮೈ ಗಾಡ್’ ಅನ್ನುತ್ತಾಳೆ. ನಾನೂ ‘ಅಯ್ಯೋ ದೇವರೇ’ ಅನ್ನುತ್ತೇನೆ. ಎರಡೂ ಪಾಪವೇ? – ಹಾಸನ

ಕಷ್ಟದಲ್ಲಿ ಬಾಯಿಂದ ಹೊರಡುವ ‘ಅಯ್ಯೋ ದೇವರೇ’ ಕೂಗೇ ಒಂದು ಪ್ರಾರ್ಥನೆ. ಕೀರ್ತನೆ 130 ಶುರುವಾಗುವುದೇ ಅಂಥ ಮೊರೆಯಿಂದ. ಹಾಲು ಉಕ್ಕಿದ್ದಕ್ಕೂ ಚಪ್ಪಲಿ ಕಿತ್ತುಹೋದದ್ದಕ್ಕೂ ಅದೇ ಮಾತು ಬಂದರೆ ರೂಢಿಯಾಗಿದೆ ಎಂದರ್ಥ, ಬಿಡಿಸಿಕೊಳ್ಳಬೇಕು. ಮಗಳಿಗೆ ಬೈದು ಪ್ರಯೋಜನವಿಲ್ಲ. ಮೊದಲು ನೀವು ಬಿಡಿ, ‘ಅಬ್ಬಾ’, ‘ಅಯ್ಯಯ್ಯೋ’ ಎನ್ನಿ. ಅಂಗಡಿಯಲ್ಲಿ ‘ದೇವರಾಣೆಗೂ ಅಸಲೇ ಇಷ್ಟು’ ಎನ್ನುವುದಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಅದು ಯಾಜಕಕಾಂಡ 19:12 ಹೆಸರಿಸಿ ನಿಷೇಧಿಸಿದ ಸುಳ್ಳಾಣೆ.

ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಸಾಹುಕಾರರು ಆಳುಗಳನ್ನು ನಿಲ್ಲಿಸಿ ಪ್ರಾರ್ಥನೆ ಮಾಡಿಸಿಯೇ ಕೆಲಸ ಶುರು ಮಾಡಿಸುತ್ತಾರೆ. ಸಂಜೆ ಹಣ್ಣು ತೂಗುವಾಗ ಚೀಲಕ್ಕೆ ಎರಡು ಕೆಜಿ ಕಡಿಮೆ ಬರೆಯಲು ಹೇಳುತ್ತಾರೆ. ಇದಕ್ಕೂ ಈ ಆಜ್ಞೆಗೂ ಸಂಬಂಧವಿದೆಯೇ? – ಆಲ್ದೂರು

ನೇರ ಸಂಬಂಧವಿದೆ. ಯೆರೆಮೀಯ 34 ಓದಿ. ಚಿದ್ಕೀಯ ರಾಜನ ಕಾಲದಲ್ಲಿ ಯೆರೂಸಲೇಮಿನವರು ದೇವರ ಆಲಯದಲ್ಲಿ ಒಡಂಬಡಿಕೆ ಮಾಡಿ ದಾಸದಾಸಿಯರನ್ನು ಬಿಡುಗಡೆ ಮಾಡಿದರು. ಆಮೇಲೆ ಮನಸ್ಸು ಬದಲಿಸಿ ಅವರನ್ನೇ ಮತ್ತೆ ಹಿಡಿದು ದುಡಿಸಿಕೊಂಡರು. ನೀವು ನನ್ನ ಹೆಸರನ್ನು ಹೊಲೆಮಾಡಿದಿರಿ ಎಂದು ದೇವರು ಹೇಳಿದ್ದು ಆ ಕೆಲಸಕ್ಕೆ. ಅಲ್ಲಿ ಯಾರೂ ಬೈದಿರಲಿಲ್ಲ, ದೇವರ ಹೆಸರು ಕೆಟ್ಟದ್ದು ಆ ದಾಸದಾಸಿಯರ ಮೈಮೇಲೆ. ತಡೆಹಿಡಿದ ಕೂಲಿಯೇ ಕೂಗುತ್ತದೆ ಎಂದು ಯಾಕೋಬ 5:4 ಹೇಳುತ್ತದೆ.

ಕೈ ನಿಮ್ಮದಾದ್ದರಿಂದ ನಿಮ್ಮ ಪಾಲೂ ಇದೆ. ಖಾಲಿ ಚೀಲವನ್ನೇ ತೂಗಿ, ಅಷ್ಟನ್ನು ಮಾತ್ರ ಕಳೆಯಿರಿ. ಅಂದಾಜಿನ ಕಡಿತ ಬೇಡ. ತಕ್ಕಡಿಯ ಅಂಕಿ ಹಣ್ಣು ಬಿಡಿಸಿದವರಿಗೂ ಕಾಣುವಂತಿರಲಿ. ಅವರ ಎದುರೇ ಬರೆದು, ಅವರ ಚೀಟಿಯಲ್ಲೂ ಅದೇ ಅಂಕಿ ಹಾಕಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಚಾಲ್ತಿಯಲ್ಲಿದೆಯೇ ನೋಡಿ. ಸಾಹುಕಾರರ ಜೊತೆ ಒಬ್ಬರೇ ಇದ್ದಾಗ, ‘ತೂಕ ಇದ್ದಷ್ಟೇ ಬರೆಯುತ್ತೇನೆ ಸಾರ್, ಕಡಿಮೆ ಬರೆಯಲು ನನ್ನಿಂದಾಗದು’ ಎಂದು ಹೇಳಿ.

ಮಗನಿಗೆ ಕೆಲಸ ಸಿಕ್ಕರೆ ವೇಲಾಂಕಣಿಗೆ ನಡೆದು ಬರುತ್ತೇನೆಂದು ಹರಕೆ ಹೊತ್ತೆ. ಕೆಲಸ ಸಿಕ್ಕಿತು. ಈಗ ಮಂಡಿ ಸವೆದಿದೆ, ನಡೆಯಲಾಗದು. – ಚಿಕ್ಕಮಗಳೂರು

ಹೆದರಬೇಡಿ, ಮುಚ್ಚಿಡಲೂ ಬೇಡಿ. ಯೋಚಿಸಿ, ಸ್ವಂತ ಇಚ್ಛೆಯಿಂದ ದೇವರಿಗೆ ಕೊಟ್ಟ ಮಾತು ಮಾತ್ರ ಹರಕೆ. ದುಃಖದ ಭರದಲ್ಲಿ ಆಡಿದ ಆಸೆಯ ಮಾತು ಹರಕೆಯಲ್ಲ. ಹರಕೆಯೇ ಆಗಿದ್ದರೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ಒಳಿತಿಗೆ ನೀವೇ ಬದಲಿಸಿಕೊಳ್ಳಬಹುದು (ಕಥೋಲಿಕ ಕಾನೂನು 1197). ಅದಕ್ಕಿಂತ ಕಡಿಮೆಯದಕ್ಕೆ ಇಳಿಸಬೇಕಾದರೆ, ಇಲ್ಲವೇ ಬಿಡುಗಡೆ ಬೇಕಾದರೆ, ನಿಮ್ಮ ಧರ್ಮಕೇಂದ್ರದ ಗುರುಗಳಿಗೇ ಆ ಅಧಿಕಾರವಿದೆ (1196), ಧರ್ಮಾಧ್ಯಕ್ಷರವರೆಗೆ ಹೋಗಬೇಕಾಗಿಲ್ಲ. ಹರಕೆ ಹೊತ್ತಾಗ ಆಡಿದ ಮಾತು, ಡಾಕ್ಟರ್ ಹೇಳಿದ್ದು, ಬದಲಿಗೆ ಏನು ಮಾಡಬಲ್ಲಿರಿ ಎಂಬುದು, ಮೂರನ್ನೂ ಅವರಿಗೆ ಹೇಳಿ. ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬಂದು, ನಡೆಯಲಾಗದ ಇನ್ನೊಬ್ಬರ ಆಸ್ಪತ್ರೆ ಖರ್ಚಿಗೆ ಕೈಲಾದಷ್ಟು ಕೊಡುತ್ತೇನೆಂದು ನೀವೇ ಮುಂದಿಟ್ಟರೆ ಅವರಿಗೂ ತೀರ್ಮಾನ ಸುಲಭವಾಗುತ್ತದೆ.