ತೀರಿಕೊಂಡ ಮಾವನ ವೀಲುನಾಮೆಯನ್ನು ನಾವು ನೋಡಬಹುದಾ?

ಮಂಗಳೂರಿನ ನಿಮ್ಮ ಸೋದರಮಾವ ತೀರಿಕೊಂಡಿದ್ದಾರೆ. ವೀಲುನಾಮೆ ಇದೆ ಅನ್ನುವ ಅತ್ತೆ ಅದನ್ನು ತೋರಿಸುತ್ತಿಲ್ಲ, ನಾವೇ ನೋಡಬಹುದಾ ಎಂದು ಕೇಳಿದ್ದೀರಿ. ನೋಂದಣಿ ಆಗಿದ್ದರೆ ಖಂಡಿತ ನೋಡಬಹುದು. ಅತ್ತೆಯ ಒಪ್ಪಿಗೆ ಬೇಡ.

ನಾನು ಉಡುಪಿಯಲ್ಲಿ ದಸ್ತಾವೇಜು ಬರೆಯುವವನು. ಇದನ್ನು ಕೇಳಲು ಬರುವವರು ಹೆಚ್ಚಾಗಿ ಮನೆಯವರ ಜೊತೆ ಮಾತು ಬಿಟ್ಟ ಮೇಲೆಯೇ ಬರುತ್ತಾರೆ. ಸುಮ್ನೆ ಸಂಬಂಧ ಕೆಟ್ಟಿತಲ್ಲ ಎಂದು ಬೇಜಾರಾಗುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಸ್ಪಷ್ಟವಾಗಿದೆ. ವೀಲು ಬರೆದವರು ಬದುಕಿರುವಾಗ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ, ಸ್ವಂತ ಮಗನಿಗೂ ಇಲ್ಲ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕು. ಮರಣ ಪ್ರಮಾಣಪತ್ರ ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ.

ಇಸಿ (ಜಾಗದ ಋಣಭಾರ ಪ್ರಮಾಣಪತ್ರ) ತೆಗೆಸಿದೆವು, ಅದರಲ್ಲಿ ಏನೂ ಇಲ್ಲ ಅಂದಿದ್ದೀರಿ. ವೀಲು ಇಸಿಯಲ್ಲಿ ಬರುವುದೇ ಇಲ್ಲ. ಜಾಗದ ಕ್ರಯ, ಅಡಮಾನ ಎಲ್ಲ ನೋಂದಣಿ ಕಚೇರಿಯ 1ನೇ ಪುಸ್ತಕಕ್ಕೆ ಹೋಗುತ್ತವೆ, ಇಸಿ ತಯಾರಾಗುವುದು ಅದರಿಂದ. ವೀಲು ಹೋಗುವುದು 3ನೇ ಪುಸ್ತಕಕ್ಕೆ. ಅದನ್ನು ನೀವೇ ತಿರುವಿ ನೋಡುವಂತಿಲ್ಲ, ಸಬ್ ರಿಜಿಸ್ಟ್ರಾರರೇ ಹುಡುಕಬೇಕು. ಹುಡುಕುವುದು ಬರೆದವರ ಹೆಸರಿನಿಂದ, ಸರ್ವೆ ನಂಬರಿನಿಂದ ಅಲ್ಲ. ಮಾವನ ಹೆಸರನ್ನು ದಾಖಲೆಗಳಲ್ಲಿ ಇರುವಂತೆಯೇ ಬರೆದು, ಅಂದಾಜು ವರ್ಷವನ್ನೂ ಹೇಳಿ. ಜಾಗ ಮಂಗಳೂರಿನಲ್ಲಿದೆ ಎಂದು ಅಲ್ಲಿ ಮಾತ್ರ ಕೇಳಿ ಬಿಡಬೇಡಿ. ವೀಲನ್ನು ಬಂಟ್ವಾಳದಲ್ಲೋ ಮೂಡುಬಿದಿರೆಯಲ್ಲೋ ನೋಂದಾಯಿಸಿರಲೂಬಹುದು.

ಅಪರೂಪಕ್ಕೆ ಕೆಲವರು ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಬಳಿ ಇಟ್ಟಿರುತ್ತಾರೆ. ಅದನ್ನೂ ಅರ್ಜಿ ಕೊಟ್ಟವರ ಎದುರಿಗೇ ತೆರೆಯುತ್ತಾರೆ, ಖರ್ಚು ಮಾತ್ರ ಅರ್ಜಿದಾರರದ್ದು.

ನೋಂದಣಿಯೇ ಆಗಿಲ್ಲದಿದ್ದರೆ ಕಷ್ಟ ಜಾಸ್ತಿ. ವೀಲಿಗೆ ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸರಿಯಾಗಿದ್ದರೆ ಬಿಳಿ ಹಾಳೆಯ ವೀಲೂ ನಡೆಯುತ್ತದೆ. ಅತ್ತೆಯ ಕಪಾಟಿನಲ್ಲಿರುವ ಕಾಗದ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಆದರೆ ಅದರ ಬಲದಲ್ಲಿ ಆರ್‌ಟಿಸಿಗೆ (ಪಹಣಿಗೆ) ಹೆಸರು ಏರಿಸಬೇಕಾದರೆ ಅವರು ಅದನ್ನು ಹೊರಗೆ ತೆಗೆಯಲೇಬೇಕು. ಆಗ ತಕರಾರು ಅರ್ಜಿ ಕೊಡಲು ನಿಮಗೆ ಅವಕಾಶವಿದೆ.

ಇನ್ನು, ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಹಕ್ಕು ಬರುವ ಕಟ್ಟಿನ, ಆಸ್ತಿಗೆ ವೀಲು ಬರೆಯುವಂತಿಲ್ಲ ಎನ್ನುವ ನಿಮ್ಮ ಅಮ್ಮನ ಮಾತು ಈಗ ಪೂರ್ತಿ ಸರಿಯಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ ಕುಟುಂಬದಲ್ಲಿ, ಕವರಿನಲ್ಲಿ (ಕುಟುಂಬದ ಕವಲಿನಲ್ಲಿ) ತನಗಿರುವ ಹಕ್ಕಿನ ಮಟ್ಟಿಗೆ ಬರೆಯಬಹುದು. ಉಳಿದವರ ಪಾಲಿಗೆ ಕೈ ಹಾಕುವಂತಿಲ್ಲ. ಹಾಗಾಗಿ ನಕಲು ಸಿಕ್ಕಿದ ಕೂಡಲೇ ಷೆಡ್ಯೂಲ್ (ಆಸ್ತಿಗಳ ಪಟ್ಟಿ) ಓದಿ. ಅದರಲ್ಲಿ ಮಾವ ಸ್ವಂತ ದುಡಿದು ಮಾಡಿದ್ದು ಯಾವುದು, ಕುಟುಂಬದ್ದು ಯಾವುದು ಎಂದು ಅಮ್ಮನನ್ನು ಕೂರಿಸಿಕೊಂಡು ಗುರುತು ಹಾಕಿಸಿ. ವಕೀಲರು ಮೊದಲು ಕೇಳುವುದು ಅದನ್ನೇ.