ಕಾರಿನ ಕೋಡ್ ಬಿಟ್ಟು ಉಪಗ್ರಹ ಇಂಟರ್ನೆಟ್‌ಗೆ ಹೋಗಬಹುದೇ?

ಪ್ರಶ್ನೆ: ನನ್ನೂರು ಹಾಸನ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿ, ಬೆಂಗಳೂರಿನಲ್ಲಿ ಕಾರಿನ ಬ್ರೇಕ್ ಕಂಟ್ರೋಲರ್‌ಗೆ ಸಿ ಭಾಷೆಯಲ್ಲಿ ಕೋಡ್ ಬರೆಯುತ್ತಿದ್ದೇನೆ. ಉಪಗ್ರಹ ಇಂಟರ್ನೆಟ್ ಕ್ಷೇತ್ರಕ್ಕೆ ಹೋಗುವ ಆಸೆಯಿದೆ. ಬಾಹ್ಯಾಕಾಶದ ಬಗ್ಗೆ ಏನೂ ಓದಿಲ್ಲ. ಎಂ.ಟೆಕ್ ಮಾಡಬೇಕೇ? ಏನು ಕಲಿಯಲಿ?

ಉತ್ತರ: ಎಂ.ಟೆಕ್ ಬೇಕಾಗಿಲ್ಲ. ಈ ಕ್ಷೇತ್ರದ ಎಂಬೆಡೆಡ್ (ಉಪಕರಣದೊಳಗಿನ ಚಿಪ್‌ಗೆ ಕೋಡ್ ಬರೆಯುವ) ಕೆಲಸ ಬಹುಪಾಲು ನೆಲದ ಮೇಲೇ ಇದೆ: ಮನೆಯ ತಾರಸಿಯಲ್ಲಿ ಕೂರುವ ಆಂಟೆನಾ, ಅದರ ಮೋಡೆಮ್, ಉಪಗ್ರಹವನ್ನು ನೆಲದ ಇಂಟರ್ನೆಟ್‌ಗೆ ಜೋಡಿಸುವ ಗೇಟ್‌ವೇ ಕೇಂದ್ರದ ಉಪಕರಣಗಳು. ಇಂಟರಪ್ಟ್ (ತುರ್ತು ಕೆಲಸಕ್ಕೆ ಚಿಪ್ಪನ್ನು ಕರೆಯುವ ಸಂಕೇತ), ವಾಚ್‌ಡಾಗ್ (ಕೋಡ್ ಸಿಕ್ಕಿಬಿದ್ದರೆ ಚಿಪ್ಪನ್ನು ಮತ್ತೆ ಶುರುಮಾಡುವ ಟೈಮರ್), ಹೊತ್ತಿಗೆ ಸರಿಯಾಗಿ ಮುಗಿಯಲೇಬೇಕಾದ ಲೆಕ್ಕ ಇವೆಲ್ಲ ನಿಮಗೆ ಬ್ರೇಕ್ ಕಂಟ್ರೋಲರ್‌ನಲ್ಲೇ ರೂಢಿಯಾಗಿರುತ್ತವೆ.

ನಿಮಗೆ ಹೊಸದಾಗುವುದು ಉಪಗ್ರಹದ ಓಟ. ನಿಮ್ಮೂರಿನಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತವೆ. ಉಪಗ್ರಹ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ನವು ಸುಮಾರು 550 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 7.5 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತವೆ. ಒಂದೊಂದು ಉಪಗ್ರಹ ಕೈಗೆ ಸಿಗುವುದು ಕೆಲವೇ ನಿಮಿಷ. ಆಂಟೆನಾ ಕದಲದೆಯೇ ತನ್ನ ರೇಡಿಯೋ ಕಿರಣವನ್ನು ಅದರ ಬೆನ್ನಿಗೆ ತಿರುಗಿಸುತ್ತಾ ಹೋಗಿ, ಮುಂದಿನದಕ್ಕೆ ದಾಟಿಸಬೇಕು. ಇದರ ಗಣಿತವನ್ನು ಆರ್‌ಎಫ್ (ರೇಡಿಯೋ ತರಂಗಗಳ) ತಂಡ ನೋಡಿಕೊಳ್ಳುತ್ತದೆ. ಆ ಲೆಕ್ಕ ತಡವಾಗದೆ ಹಾರ್ಡ್‌ವೇರ್ ತಲುಪುವಂತೆ ಮಾಡುವುದು ನಿಮ್ಮ ಪಾಲು.

ನಾನು ಒತ್ತಿ ಹೇಳಬೇಕೆಂದಿರುವುದು ದೂರದಿಂದ ಕಳಿಸುವ ಸಾಫ್ಟ್‌ವೇರ್ ಅಪ್‌ಡೇಟ್ ಬಗ್ಗೆ. ಕಾರು ಕೆಟ್ಟರೆ ಸರ್ವಿಸ್ ಸೆಂಟರಿಗೆ ಬರುತ್ತದೆ. ಉಪಗ್ರಹ ಇಂಟರ್ನೆಟ್ ಹಾಕಿಸಿಕೊಳ್ಳುವವರು ಹೆಚ್ಚಾಗಿ ಫೈಬರ್ ತಲುಪದ ಕಡೆ ಇರುವವರು. ಮೋಡೆಮ್ ಸತ್ತರೆ ಅದನ್ನು ದೂರದಿಂದ ಎಬ್ಬಿಸುವ ದಾರಿಯೂ ಅದರ ಜೊತೆಗೇ ಹೋಯಿತು. 2022ರ ಫೆಬ್ರುವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ನುಗ್ಗಿದ ದಿನವೇ, ಅಮೆರಿಕದ ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಉಪಗ್ರಹ ಜಾಲದ ನಿರ್ವಹಣಾ ವ್ಯವಸ್ಥೆಯೊಳಗೆ ಹೊಕ್ಕ ದಾಳಿಕೋರರು ಮೋಡೆಮ್‌ಗಳ ಫ್ಲ್ಯಾಶ್ ಮೆಮೊರಿ (ಅವುಗಳ ಸಾಫ್ಟ್‌ವೇರ್ ಉಳಿದಿರುವ ಜಾಗ) ಕೆಡಿಸುವ ಆದೇಶ ಕಳಿಸಿದರು. ಯುರೋಪಿನಲ್ಲಿ ಹತ್ತಾರು ಸಾವಿರ ಮೋಡೆಮ್‌ಗಳು ಕೆಟ್ಟು ಕೂತವು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ಮೇಲೆ ದೂರದಿಂದ ನಿಗಾ ಇಡುವ ಸಂಪರ್ಕ ಕಡಿದುಹೋಯಿತು. ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ಆದರೂ ಸಾವಿರಾರು ಗ್ರಾಹಕರಿಗೆ ಹೊಸ ಮೋಡೆಮ್ ಕಳಿಸಬೇಕಾಯಿತು.

ಆದ್ದರಿಂದ ಮೊದಲು ಲಿನಕ್ಸ್ ಬೂಟ್ ಆಗುವ ಬಗೆಯನ್ನು ತಳಮಟ್ಟದಿಂದ ಕಲಿಯಿರಿ: ಲಿನಕ್ಸನ್ನು ಎಬ್ಬಿಸುವ ಯು-ಬೂಟ್, ಸಹಿ ಸರಿಯಿರುವ ಕೋಡನ್ನಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟ್, ಹೊಸ ಫರ್ಮ್‌ವೇರ್ (ಉಪಕರಣದೊಳಗಿನ ಸಾಫ್ಟ್‌ವೇರ್) ಏಳದಿದ್ದರೆ ಹಳೆಯದಕ್ಕೆ ತಾನೇ ಮರಳುವ ಏರ್ಪಾಡು. ಫರ್ಮ್‌ವೇರ್‌ನ ಎರಡು ಪ್ರತಿ ಇಟ್ಟರೆ ಸಾಕೆಂದುಕೊಳ್ಳಬೇಡಿ, ದಾಳಿಕೋರ ಎರಡನ್ನೂ ಅಳಿಸಬಲ್ಲ. ಯಾವ ಆದೇಶಕ್ಕೂ ಜಗ್ಗದ, ಬರೆಯಲು ಬಾರದಂತೆ ಬೀಗ ಹಾಕಿದ ಒಂದು ರಿಕವರಿ ಭಾಗ ಇರಲೇಬೇಕು. ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್ ಆದ ಒಂದು ಬೀಗಲ್‌ಬೋನ್ ಬೋರ್ಡ್ ಕೊಂಡು, ಅಪ್‌ಡೇಟ್ ನಡೆಯುವಾಗ ಕರೆಂಟ್ ತೆಗೆದು ನೋಡಿ. ಯಾವ ಹಂತದಲ್ಲಿ ತೆಗೆದರೂ ಎದ್ದು ಬರುವವರೆಗೆ ಬಿಡಬೇಡಿ. ಸಂದರ್ಶನದಲ್ಲಿ ಇದನ್ನು ವಿವರಿಸಬಲ್ಲವರಿಗೆ ನಾನಂತೂ ಸರ್ಟಿಫಿಕೇಟ್‌ಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಉಪಗ್ರಹದೊಳಗಿನ ಕೋಡ್ ಬರೆಯುವ ಮನಸ್ಸಿದ್ದರೆ, ವಿಕಿರಣದಿಂದ ಮೆಮೊರಿಯ ಬಿಟ್‌ಗಳು ಪಲ್ಟಿಯಾಗುವುದು ಮತ್ತು ಅದನ್ನು ತಿದ್ದುವ ಇಸಿಸಿ (ತಪ್ಪು ತಿದ್ದುವ ಸಂಕೇತ) ಬಗ್ಗೆ ಆಮೇಲೆ ಓದಿಕೊಳ್ಳಿ. ಇನ್ನು, ಉಪಗ್ರಹ ಕಂಪನಿಗಳಲ್ಲಿ ಮಾತ್ರ ಕೆಲಸ ಹುಡುಕಬೇಡಿ. ಮೊಬೈಲ್ ನೇರವಾಗಿ ಉಪಗ್ರಹದೊಡನೆ ಮಾತಾಡುವ ಮಾನದಂಡ, ಮೊಬೈಲ್ ಜಾಲದ ಮಾನದಂಡ ರೂಪಿಸುವ ಸಂಸ್ಥೆ 3ಜಿಪಿಪಿಯ ರಿಲೀಸ್ 17ರಲ್ಲೇ ಬಂದಿದೆ. ಬೆಂಗಳೂರಿನ ಮೋಡೆಮ್ ಚಿಪ್ ಕಂಪನಿಗಳಿಗೂ ಅರ್ಜಿ ಹಾಕಿ.